ಸಂಜೆ ಆರೂವರೆಯ ರಿಪೋರ್ಟು

ಅಪ್ಪಾ,

ಎದುರಿಗೆ ಕೂತು ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈ ಕಾಗದವನ್ನು ನಿಮ್ಮ ಗೇಜಿನ ಡಬ್ಬಿಯಲ್ಲಿ ಇಡುತ್ತೇನೆ. ಟೈರಿನ ಗಾಳಿ ಅಳೆಯುವ ಆ ಗೇಜನ್ನು ಅಮ್ಮ ಮುಟ್ಟುವುದಿಲ್ಲ, ನೀವು ದಿನಾ ರಾತ್ರಿ ಮುಟ್ಟದೆ ಇರುವುದಿಲ್ಲ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವನು, ನನ್ನ ಕನ್ನಡದಲ್ಲಿ ಅರ್ಧ ಇಂಗ್ಲಿಷೇ. ಬೈದುಕೊಂಡಾದರೂ ಸರಿ, ಪೂರ್ತಿ ಓದಿ.

ಹೋದ ತಿಂಗಳು ರಜೆಗೆ ಬಂದಾಗ ಪೆನ್ನು ಹುಡುಕುತ್ತಾ ನಿಮ್ಮ ಯೂನಿಫಾರ್ಮಿನ ಜೇಬಿಗೆ ಕೈ ಹಾಕಿದೆ. ಲ್ಯಾಬಿನ ರಿಪೋರ್ಟು ಸಿಕ್ಕಿತು. ಟೆಸ್ಟೋಸ್ಟಿರಾನ್ ಎಂಬ ಗಂಡಸಿನ ಹಾರ್ಮೋನಿನ ಹೆಸರಿನ ಮುಂದೆ ಒಂದು ಸಂಖ್ಯೆ, ಪಕ್ಕದಲ್ಲಿ 'ಕಡಿಮೆ'. ರಕ್ತ ತೆಗೆದ ಟೈಮೂ ಇತ್ತು, ಸಂಜೆ ಆರೂವರೆ. ಬಸ್ ಸ್ಟ್ಯಾಂಡಿನ ಎದುರು 'ಮತ್ತೆ ಯೌವನ' ಅಂತ ಬೋರ್ಡು ಹಾಕಿದ್ದಾರಲ್ಲ, ಆ ಕ್ಲಿನಿಕ್ಕಿನ ಚೀಟಿ ಅದಕ್ಕೆ ಪಿನ್ ಮಾಡಿತ್ತು. ಹಿಂಬದಿಯಲ್ಲಿ ನಿಮ್ಮ ಅಕ್ಷರ: 'ಮುಂದಿನ ತಿಂಗಳು ಇಪ್ಪತ್ತನೇ ತಾರೀಖು ಇಂಜೆಕ್ಷನ್ ಶುರು.' ಕದ್ದು ಓದಿದ್ದು ತಪ್ಪು. ಕ್ಷಮಿಸಿ.

ಆದರೆ ಓದಿದ ಮೇಲೆ ಎಷ್ಟೋ ವಿಷಯ ಅರ್ಥವಾಯಿತು. ಊಟವಾದ ತಕ್ಷಣ ಕುರ್ಚಿಯಲ್ಲೇ ನಿದ್ದೆ ಹೋಗುವುದು, ಟಿವಿ ರಿಮೋಟಿಗೂ ಸಿಡುಕುವುದು, ಡಿಪೋದಲ್ಲಿ ಒಬ್ಬರೇ ಎತ್ತುತ್ತಿದ್ದ ಬಸ್ಸಿನ ಚಕ್ರಕ್ಕೆ ಈಗ ಇನ್ನೊಬ್ಬರನ್ನು ಕರೆಯುವುದು. ನಿಮ್ಮ ಹಾಸಿಗೆಯನ್ನು ರೂಮಿನಿಂದ ಹಾಲ್‌ಗೆ ತಂದದ್ದು. ಅಮ್ಮ ತಲೆ ಬಾಚಿಕೊಳ್ಳುತ್ತಾ ನನ್ನನ್ನು ಕೇಳಿದಳು, "ನಿಮ್ಮಪ್ಪಂಗೆ ನನ್ನ ಮೇಲೆ ಏನು ಕೋಪನೋ? ನೀನಾದ್ರೂ ಕೇಳೋ." ಕೋಪವಲ್ಲ, ನಾಚಿಕೆ ಅಂತ ಗೊತ್ತಿದ್ದೂ ನಾನು ಮಾತು ತಿರುಗಿಸಿಬಿಟ್ಟೆ. ನಾನೂ ನಿಮ್ಮ ಮಗನೇ ತಾನೇ.

ನಾನು ಮೆಡಿಕಲ್ ಫಸ್ಟ್ ಇಯರ್. ಮೂಳೆಗಳ ಹೆಸರೇ ಇನ್ನೂ ಬಾಯಿಗೆ ಬಂದಿಲ್ಲ. ಹೆದರಿಕೆಯಲ್ಲಿ ಫೋನಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿ ಇನ್ನಷ್ಟು ಹೆದರಿದೆ. ಕೊನೆಗೆ ಫಿಸಿಯಾಲಜಿ ಮೇಡಮ್ ಹತ್ತಿರ ಹೋಗಿ, ಸ್ನೇಹಿತನ ಅಪ್ಪನಿಗೆ ಹೀಗಾಗಿದೆ ಅಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ನಿನ್ನ ಸ್ನೇಹಿತನ ಅಪ್ಪ ರಕ್ತ ಕೊಟ್ಟಿದ್ದು ಎಷ್ಟು ಗಂಟೆಗೆ?"

"ಸಂಜೆ ಆರೂವರೆಗೆ ಮೇಡಮ್. ಡ್ಯೂಟಿ ಮುಗಿಸಿ, ತಿಂಡಿ ತಿಂದು. ಅದಕ್ಕೆ ಮುಂಚೆ ನಾಲ್ಕು ದಿನ ಜ್ವರ ಬೇರೆ ಇತ್ತು."

"ಸ್ನೇಹಿತನ ಮನೆ ಸಮಾಚಾರ ಚೆನ್ನಾಗೇ ಗೊತ್ತು ನಿಂಗೆ," ಅಂದು ಕುರ್ಚಿ ತೋರಿಸಿದರು.

ಅವರು ಹೇಳಿದ್ದು ಕೇಳುತ್ತಾ ನನಗೆ ನಿಮ್ಮ ಡಿಪೋ ನೆನಪಾಯಿತು. ನನಗಾಗ ಹತ್ತು ವರ್ಷ. ದಿನವಿಡೀ ಓಡಿ ಬಂದ ಬಸ್ಸಿನ ಡ್ರೈವರ್ ಒಬ್ಬರು, "ಗಾಳಿ ಮೇಷ್ಟ್ರೇ, ಸ್ವಲ್ಪ ಟೈರ್ ನೋಡ್ಬಿಡಿ" ಅಂದರು. ನೀವು ಗೇಜನ್ನು ಕೈಗೇ ತೆಗೆದುಕೊಳ್ಳಲಿಲ್ಲ. "ಬಿಸಿ ಟೈರ್ ಸುಳ್ಳು ಹೇಳುತ್ತೆ ಕಣಯ್ಯ. ಬೆಳಿಗ್ಗೆ ಗಾಡಿ ಉರುಳೋಕೆ ಮುಂಚೆ ಬಾ," ಅಂದಿರಿ. ಬೆಳಿಗ್ಗೆ ಕಡಿಮೆ ತೋರಿಸಿತು. ಆಗಲೂ ಟೈರು ಬಿಸಾಡಲಿಲ್ಲ. ವಾಲ್ವ್ ನೋಡಿದಿರಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕಿದಿರಿ, ಮಾರನೇ ಬೆಳಿಗ್ಗೆ ಮತ್ತೆ ಅಳೆದಿರಿ.

ಅಪ್ಪಾ, ಮೇಡಮ್ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಟೈರು ಸಂಜೆ ಹೆಚ್ಚು ತೋರಿಸುತ್ತೆ, ಈ ಹಾರ್ಮೋನು ಸಂಜೆ ಕಡಿಮೆ ತೋರಿಸಬಹುದು, ಅಷ್ಟೇ ವ್ಯತ್ಯಾಸ. ಜ್ವರದಲ್ಲೂ ಇಳಿಯುತ್ತಂತೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ನೋಡಬೇಕು. ಎರಡು ಸಲವೂ ಕಡಿಮೆ ಬಂದು, ಜೊತೆಗೆ ತೊಂದರೆಗಳೂ ಇದ್ದರೆ ಮಾತ್ರ ಕೊರತೆ ಅನ್ನುತ್ತಾರೆ. ಸುಸ್ತಿಗೆ ಶುಗರ್, ಥೈರಾಯ್ಡ್, ಗೊರಕೆಯ ನಿದ್ದೆ, ಮನಸ್ಸಿನ ಭಾರ ಏನು ಬೇಕಾದರೂ ಕಾರಣ ಇರಬಹುದು. ಕೊರತೆಯೇ ಆದರೆ ಔಷಧಿ ಇದೆ, ಆದರೆ ಅದಕ್ಕೆ ಮುಂಚೆ ಪ್ರಾಸ್ಟೇಟು, ರಕ್ತ ಎಲ್ಲ ನೋಡುವ ಡಾಕ್ಟರು ಬೇಕು, ಬೋರ್ಡು ಸಾಲದು. ಮೇಡಮ್ ಒಬ್ಬ ಡಾಕ್ಟರ ಹೆಸರು ಬರೆದುಕೊಟ್ಟಿದ್ದಾರೆ.

ಸಾವಿರ ಟೈರುಗಳಿಗೆ ಮಾರನೇ ಬೆಳಿಗ್ಗೆಯವರೆಗೆ ಟೈಮ್ ಕೊಟ್ಟವರು ನೀವು. ನಿಮ್ಮ ವಿಷಯದಲ್ಲಿ ಮಾತ್ರ ಒಂದೇ ಸಂಜೆಯ ಚೀಟಿ ನೋಡಿ 'ನನ್ನ ಕಥೆ ಮುಗೀತು' ಅಂದುಕೊಂಡುಬಿಟ್ಟಿರಲ್ಲ, ಅದೇ ನನಗೆ ಸಂಕಟ. ಐವತ್ತೇಳು ಯಾವ ಮಹಾ ವಯಸ್ಸು? ಅಮ್ಮನಿಗೆ ಮಾತ್ರ ಒಂದು ಮಾತು ಹೇಳಿಬಿಡಿ. ಪೂರ್ತಿ ಬೇಡ, ನಿನ್ನ ಮೇಲೆ ಕೋಪವಿಲ್ಲ ಅನ್ನುವಷ್ಟು ಸಾಕು.

ಇಪ್ಪತ್ತಕ್ಕೆ ಇನ್ನೂ ಹತ್ತು ದಿನ ಇದೆ. ನಾನು ಈ ಸಲ ರಜೆ ಹಾಕಿ ಮನೆಗೆ ಬಂದಿರುವುದೇ ಇದಕ್ಕೆ. ನಾಳೆ ಲ್ಯಾಬು ಏಳೂವರೆಗೆ ತೆಗೆಯುತ್ತೆ. ಬೆಳಿಗ್ಗೆ ನೀವು ಟೀ ಮುಟ್ಟದೆ ಚಪ್ಪಲಿ ಹಾಕಿಕೊಂಡರೆ, ಓದಿದ್ದೀರಿ ಅಂತ ತಿಳಿದುಕೊಳ್ಳುತ್ತೇನೆ. ನಾನೂ ಟೀ ಕುಡಿಯದೆ ಗೇಟಿನ ಹತ್ತಿರ ನಿಂತಿರುತ್ತೇನೆ. ದಾರಿಯಲ್ಲಿ ಏನೂ ಕೇಳುವುದಿಲ್ಲ. ವಾಪಸ್ ಬರುವಾಗ ಇಬ್ಬರೂ ಒಟ್ಟಿಗೆ ಕುಡಿಯೋಣ.

ನಿಮ್ಮ ಇನ್ನೂ ಸಾವಿರಾರು ಬೆಳಗುಗಳು ಚೆನ್ನಾಗಿರಲಿ ಎಂದು ಹಾರೈಸುತ್ತಾ,

ಗೇಟಿನ ಹತ್ತಿರ ಕಾಯುವ
ನಿಮ್ಮ ಮಗ