ಶನಿವಾರದ ಮುಖಗಳು

ಫೆಬ್ರವರಿ 3, ಶನಿವಾರ

ಬೆಳಿಗ್ಗೆ ಬಾಟಲಿಗಳ ಚಿತ್ರ. ಬೂದು ಸರಣಿಯ ಆರನೆಯದು. ಕತ್ತಿನ ಹತ್ತಿರ ನೆರಳು ಇನ್ನೂ ಭಾರ. ಬಣ್ಣಕ್ಕೆ ಮೇಣ ಬೆರೆಸಿ ನೋಡಿದೆ. ಹೊಳಪು ಸತ್ತಿತು. ಅದೇ ಬೇಕಿತ್ತು. ಗ್ಯಾಲರಿಯವಳಿಗೆ ಮಾರ್ಚ್ ಕೊನೆಗೆ ಕೊಡಬೇಕು.

ಮಧ್ಯಾಹ್ನ ಇನ್ನೊಂದು ಈಸಲ್‌ನ ಬಟ್ಟೆ ತೆಗೆದೆ. ಹೆಂಡತಿಯ ಮುಖ. ಹೋದ ಭಾನುವಾರ ಬಂದದ್ದು. ಚೆನ್ನಾಗಿಯೇ ಬಂದಿದೆ — ಅದೇ ತೊಂದರೆ. ಹಳೆಯ ಪೇಪರಿನ ಹಾಳೆಯೊಂದನ್ನು ಅದರ ಮೇಲೆ ಹಾಸಿ, ಅಂಗೈಯಿಂದ ಒತ್ತಿ, ಮೂಲೆಯಿಂದ ಮೆಲ್ಲಗೆ ಎಬ್ಬಿಸಿದೆ. ಹಸಿ ಬಣ್ಣವೆಲ್ಲ ಹಾಳೆಗೆ ಬಂತು, ಮುಖದ ಸಮೇತ. ಕ್ಯಾನ್ವಾಸಿನಲ್ಲಿ ಉಳಿದದ್ದು ಒಂದು ಕಂದು ಮೋಡ. ಹಾಳೆಯನ್ನು ಬೀರುವಿನ ಹಿಂದಿನ ದಾರಕ್ಕೆ ನೇತುಹಾಕಿದೆ, ಉಳಿದವುಗಳ ಪಕ್ಕ.

ನಾಳೆ ಹತ್ತಕ್ಕೆ ಬರುತ್ತಾಳೆ.

ಫೆಬ್ರವರಿ 4, ಭಾನುವಾರ

ಬಂದಳು. ಚಪ್ಪಲಿಯನ್ನು ಅತಿಥಿಯ ಹಾಗೆ ಬಾಗಿಲ ಹೊರಗೆ ಬಿಟ್ಟಳು. ಮೊದಲು ಒಳಗೇ ಬಿಡುತ್ತಿದ್ದಳು.

ಈಸಲ್ ಮುಂದೆ ನಿಂತು, “ಇನ್ನೂ ಮುಖಾನೇ ಬಂದಿಲ್ವಲ್ಲೋ?”

“ಹೋದ ವಾರ ಬೆಳಕು ಸರಿ ಇರಲಿಲ್ಲ.”

“ನಿನ್ನ ಬೆಳಕಿಗೂ ನನ್ನ ಕಂಡ್ರೆ ಆಗಲ್ಲ ಅನ್ನು.”

ಕೂತಳು. ಕಿಟಕಿಯ ಪಕ್ಕದ ಕುರ್ಚಿ, ಎಡಗೈ ಮಡಿಲಲ್ಲಿ. ಕೆಲಸ ನಡೆಯುವಾಗ ಕ್ಯಾನ್ವಾಸ್ ನೋಡಬಾರದು ಎಂಬುದು ನನ್ನ ಹಳೆಯ ನಿಯಮ. ಅವಳು ಏಳುವ ಮೊದಲೇ ಈಸಲನ್ನು ಗೋಡೆಗೆ ತಿರುಗಿಸುತ್ತೇನೆ. ಅವಳೂ ಇಣುಕುವುದಿಲ್ಲ. ಹತ್ತೊಂಬತ್ತು ವರ್ಷ ಸಂಸಾರ ಮಾಡಿದ ಅಭ್ಯಾಸ.

ಒಪ್ಪಂದ ಅವಳದೇ. ಮನೆ ಬಿಟ್ಟು ಅಕ್ಕನಲ್ಲಿಗೆ ಹೋಗುವ ದಿನ ಹೇಳಿದ್ದು — “ನಂಗೆ ಪಾಲು ಗೀಲು ಬೇಡ. ಆ ಬಾಟಲಿಗಳನ್ನ ನೋಡ್ತೀಯಲ್ಲ, ಹಾಗೆ ಒಂದು ಸಲ ನನ್ನನ್ನ ನೋಡು. ಚಿತ್ರ ಮಾಡಿ ಕೊಡು. ಅದು ಮುಗಿದ ದಿನ ಡೈವೋರ್ಸ್ ಪೇಪರಿಗೆ ಸಹಿ ಹಾಕ್ತೀನಿ.”

ಮುಗಿದ ದಿನ. ಅಂದರೆ ಮುಗಿಯುವ ತನಕ ಭಾನುವಾರಗಳಿವೆ.

ಬಣ್ಣ ಕಲಸುತ್ತಿದ್ದೆ. ಅವಳ ಮೂಗು ಅರಳಿತು.

“ಏನದು ಲವಂಗದ ವಾಸನೆ? ಹಲ್ಲುನೋವಾ?”

“ಹೂಂ.”

“ಯಾವ ಕಡೆ?”

“ಎಡಗಡೆ.”

ಬಣ್ಣಕ್ಕೆ ನಾಲ್ಕು ಹನಿ ಲವಂಗದೆಣ್ಣೆ ಬಿದ್ದರೆ ವಾರವಾದರೂ ಒಣಗುವುದಿಲ್ಲ. ಒಣಗದಿದ್ದರೆ ಶನಿವಾರ ಎಬ್ಬಿಸಬಹುದು.

ಫೆಬ್ರವರಿ 9, ಶುಕ್ರವಾರ

ಎಣ್ಣೆ ಮುಗಿದಿತ್ತು. ಮೆಡಿಕಲ್ ಶಾಪಿನವನು ಬಾಟಲಿ ಕೊಡುವ ಮೊದಲು ನನ್ನ ಬಾಯನ್ನೇ ನೋಡಿದ.

“ಸರ್, ಇಷ್ಟು ಹಾಕೋ ಬದಲು ಕೀಳಿಸಿಬಿಡಿ. ಒಂದು ದಿನದ ನೋವು, ಮುಗೀತು.”

ಯೋಚಿಸುತ್ತೇನೆ ಎಂದೆ.

ಫೆಬ್ರವರಿ 11, ಭಾನುವಾರ

ಅವಳು ಕುರ್ಚಿಯಲ್ಲೇ ನಿದ್ದೆ ಹೋದಳು. ಹೊಸ ಶಾಲೆಯಲ್ಲಿ ಪಾಠ, ಓಡಾಟ ಜಾಸ್ತಿಯಂತೆ. ಕುಂಚ ಕೆಳಗಿಟ್ಟು ನೋಡಿದೆ. ಮೇಲ್ದುಟಿಯ ಮೇಲೆ ಸಣ್ಣ ಕಲೆ. ಯಾವಾಗಿನದು? ಕಿವಿಯ ಹಿಂದೆ ಬಿಳಿ ಕೂದಲು ಒಂದು ಎಳೆಯಲ್ಲ, ಒಂದು ಪಟ್ಟಿಯೇ ಇದೆ. ಕಂದು ಎಂದುಕೊಂಡಿದ್ದ ಮೈಬಣ್ಣದ ಅಡಿಯಲ್ಲಿ ಹಸಿರಿದೆ. ಬಾಟಲಿಗಳ ಬಗ್ಗೆ ಇವೆಲ್ಲ ಗೊತ್ತಿತ್ತು.

ಎದ್ದು, “ಎಷ್ಟು ಹೊತ್ತಾಯ್ತು? ಎಬ್ಬಿಸಬಾರದಾ?” ಎಂದಳು.

“ನಿದ್ದೆಯಲ್ಲಿ ಅಲುಗಾಡಲ್ಲ. ಒಳ್ಳೆಯದೇ ಆಯ್ತು.”

“ಹಲ್ಲು ಹೇಗಿದೆ?”

ಬಲಗೆನ್ನೆ ಮುಟ್ಟಿಕೊಂಡೆ. ಪರವಾಗಿಲ್ಲ ಎಂದೆ.

“ಹೋದ ವಾರ ಎಡಗಡೆ ಇತ್ತು,” ಎಂದಳು. ನಗಲಿಲ್ಲ. ಬ್ಯಾಗ್ ತೆಗೆದುಕೊಂಡು ಹೊರಟಳು.

ಫೆಬ್ರವರಿ 20, ಮಂಗಳವಾರ

ಅವಳ ಅಕ್ಕನ ಫೋನ್. “ಏನಪ್ಪಾ, ಮುಖ ಬಿಡಿಸ್ತಿದ್ದೀಯೋ, ಅರಮನೆ ಕಟ್ಟಿಸ್ತಿದ್ದೀಯೋ? ಅವಳೂ ಅವಳೇ. ಶನಿವಾರ ಬಂತು ಅಂದ್ರೆ ಸೀರೆಗೆ ಇಸ್ತ್ರಿ ಹಾಕ್ತಾ ಕೂತಿರ್ತಾಳೆ. ಇಬ್ಬರಿಗೂ ಹೇಳೋರಿಲ್ಲ, ಕೇಳೋರಿಲ್ಲ.”

ಶನಿವಾರ ಇಸ್ತ್ರಿ. ಇಲ್ಲಿ ನಾನು ಹಾಳೆ ಒತ್ತುವ ಹೊತ್ತಿಗೆ.

ಏಳನೆಯ ಬಾಟಲಿ ಮುಟ್ಟಲಾಗಲಿಲ್ಲ.

ಮಾರ್ಚ್ 3, ಭಾನುವಾರ

ಮೋಡ. ನಿಜವಾಗಿಯೂ ಬೆಳಕಿರಲಿಲ್ಲ. ಆದರೂ ಬಂದಳು, ಆದರೂ ಕೂತಳು. ಮುಗಿದ ಮೇಲೆ ಹೊರಡಲಿಲ್ಲ. ನನ್ನ ಕುಂಚಗಳನ್ನು ಡಬ್ಬಿಯಲ್ಲಿ ಗಾತ್ರದ ಪ್ರಕಾರ ಜೋಡಿಸಿದಳು, ಮೊದಲಿನ ಹಾಗೆ. ಬೆನ್ನು ನನ್ನ ಕಡೆ.

“ಇದು ಮುಗಿಯದೇ ಇದ್ರೆ ಏನ್ ಮಾಡೋದು?”

“ಮುಗಿಯುತ್ತೆ.”

ನಾನು ಪ್ಯಾಲೆಟ್ ಒರೆಸುತ್ತಿದ್ದೆ. ಒರೆಸುವುದಕ್ಕೇನೂ ಉಳಿದಿರಲಿಲ್ಲ.

“ಸರಿ,” ಎಂದು ಚಪ್ಪಲಿ ಹಾಕಿಕೊಂಡಳು.

ಇದನ್ನು ಬರೆಯುವಾಗ ಬೇರೆ ಉತ್ತರಗಳು ಹೊಳೆಯುತ್ತಿವೆ. ಎಲ್ಲವೂ ಚಿಕ್ಕವು. ಒಂದೇ ಮಾತಿನವು ಕೂಡ ಇವೆ.

ಮಾರ್ಚ್ 14, ಗುರುವಾರ

ಗ್ಯಾಲರಿಯವಳು ಹೇಳದೆ ಕೇಳದೆ ಬಂದಳು. ಆರು ಬಾಟಲಿ ನೋಡಿ ಆಕಳಿಕೆ ತಡೆದಳು. ಪೆನ್ಸಿಲ್ ಉರುಳಿತೆಂದು ಬಗ್ಗಿದವಳಿಗೆ ಬೀರುವಿನ ಹಿಂದಿನ ದಾರ ಕಂಡಿತು.

“ಸರ್! ಇವನ್ನ ಎಲ್ಲಿ ಬಚ್ಚಿಟ್ಟಿದ್ರಿ?”

“ಅವು ಕೆಲಸ ಅಲ್ಲ. ಒರೆಸಿದ ಕಾಗದ.”

“ಒರೆಸಿದ್ದೇ ಹೀಗಿದ್ರೆ ಇನ್ನು ಬರೆದದ್ದು ಹೇಗಿರಬೇಡ! ಬಾಟಲಿ ಮೂಲೆಗಿಡಿ. ಶೋ ಇದೇ.”

ಒಂದೊಂದಾಗಿ ತೆಗೆದು ಎದುರುಗೋಡೆಗೆ ಪಿನ್ ಹಾಕಿದಳು. ಮದುವೆಮನೆಗೆ ತೋರಣ ಕಟ್ಟುವ ಉತ್ಸಾಹ. ಗೋಡೆಯ ತುಂಬ ಮುಖಗಳು — ಎಡ ಬಲವಾಗಿ, ಬಲ ಎಡವಾಗಿ. ಅಕ್ಷರಗಳ ಮೇಲೆ ಕೆನ್ನೆ, ಜಾಹೀರಾತಿನ ಮೇಲೆ ಹಣೆ. ಸಾಲಾಗಿ ನೋಡಿದ್ದು ನಾನೂ ಇದೇ ಮೊದಲು. ಮೊದಲನೆಯದರಲ್ಲಿ ಅವಳಿಲ್ಲ, ಬಾಟಲಿ ಇದೆ. ಕೊನೆಯದರಲ್ಲಿ ಅವಳಿದ್ದಾಳೆ.

ಗ್ಯಾಲರಿಯವಳು ಹೋದ ಮೇಲೆ ಇಳಿಸಬೇಕಿತ್ತು. ಕುರ್ಚಿ ಹತ್ತಿದೆ, ಇಳಿದೆ.

ಮಾರ್ಚ್ 16, ಶನಿವಾರ

ಇಳಿಸಲಿಲ್ಲ. ನಾಳೆ ಬಂದು ನೋಡಲಿ. ನಾನು ಹೇಳುವುದಕ್ಕಿಂತ ಚೆನ್ನಾಗಿ ಅವೇ ಹೇಳುತ್ತವೆ.

ಈ ವಾರದ ಮುಖವನ್ನೂ ಎಬ್ಬಿಸಿ ಸಾಲಿನ ತುದಿಗೆ ಚುಚ್ಚಿದೆ.

ಮಾರ್ಚ್ 17, ಭಾನುವಾರ

ಬಾಗಿಲಲ್ಲೇ ನಿಂತಳು. ಆಮೇಲೆ ಗೋಡೆಯ ಉದ್ದಕ್ಕೂ ನಡೆದಳು, ಒಂದೊಂದರ ಮುಂದೆ ನಿಂತು. ತುದಿಯದು ಇನ್ನೂ ಹಸಿ. ಬೆರಳು ಮುಟ್ಟಿಸಿ ಮೂಸಿದಳು. ಲವಂಗ.

“ಪ್ರತಿ ವಾರ ಮುಖ ಬಂದಿತ್ತು.”

“ಹೌದು.”

“ನಾನು ಬರೋಕೆ ಮುಂಚೆ ತೆಗೀತಿದ್ದೆ.”

“ಹೌದು.”

ತಿರುಗಿದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಏನಾದರೂ ಹೇಳುತ್ತಿದ್ದೆನೇನೋ.

“ಇಷ್ಟೊಂದು ಸಲ ಅಳಿಸಿದ್ದೀಯಲ್ಲೋ ನನ್ನನ್ನ.”

ಅಳಿಸಿದ್ದಲ್ಲ. ಉಳಿಸಿಕೊಂಡದ್ದು. ಈಗ, ಇಲ್ಲಿ, ಎಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. ಆಗ ಬಾಯಿಂದ ಬಂದದ್ದು — “ಬೆಳಕು ಸರಿ ಇರಲಿಲ್ಲ.”

ಅವಳು ತಲೆಯಾಡಿಸಿದಳು. ಈ ತಲೆಯಾಟ ನನಗೆ ಗೊತ್ತು. ಮನೆ ಬಿಟ್ಟ ದಿನದ್ದು.

“ಇವತ್ತು ಬೆಳಕು ಚೆನ್ನಾಗಿದೆ. ಇವತ್ತು ಮುಗಿಸು.”

ಮೇಜಿನಿಂದ ಎಣ್ಣೆಯ ಬಾಟಲಿ ಎತ್ತಿ, ಮುಚ್ಚಳ ಬಿಗಿ ಮಾಡಿ, ತನ್ನ ಬ್ಯಾಗಿಗೆ ಹಾಕಿಕೊಂಡಳು. “ಇನ್ನು ನಿಂಗೆ ಹಲ್ಲುನೋವು ಬರಲ್ಲ ಬಿಡು. ನಾಟಕ ಅಂತ ಮೊದಲ ದಿನಾನೇ ಗೊತ್ತಾಗಿತ್ತು. ಯಾಕೆ ಅಂತ ನೀನೇ ಒಂದು ದಿನ ಹೇಳ್ತೀಯ ಅಂದ್ಕೊಂಡು ಬರ್ತಿದ್ದೆ.”

ಕೂತಳು. ಎಡಗೈ ಮಡಿಲಲ್ಲಿ.

ಮಾಡಿದೆ. ಕೈ ತಾನಾಗಿ ನಡೆಯಿತು. ತುಟಿಯ ಮೇಲಿನ ಕಲೆ, ಬಿಳಿ ಪಟ್ಟಿ, ಹಸಿರು. ಬೇಗನೇ ಆಯಿತು — ದಾರಿ ಬಾಯಿಪಾಠವಾಗಿತ್ತು. ಈ ಸಲ ಈಸಲ್ ತಿರುಗಿಸಲಿಲ್ಲ. ಅವಳೇ ಬಂದು ಪಕ್ಕದಲ್ಲಿ ನಿಂತಳು. ತುಂಬ ಹೊತ್ತು ನಿಂತಳು. ಅವಳ ತೋಳು ನನ್ನ ತೋಳಿಗೆ ತಾಗುತ್ತಿತ್ತು.

“ನೋಡಿದ್ದೀಯ,” ಎಂದಳು. ಅಷ್ಟೇ.

ಪೇಪರುಗಳಿಗೆ ಸಹಿ ಹಾಕಿದಳು. ಹೆಬ್ಬೆರಳಿಗೆ ಹತ್ತಿದ್ದ ಬಣ್ಣ ಮೂಲೆಗೆ ಅಂಟಿತು, ಒರೆಸಲಿಲ್ಲ. ಬಾಗಿಲಲ್ಲಿ ಹೇಳಿದಳು, “ಒಣಗಿದ ಮೇಲೆ ಕಳಿಸು. ಹಸೀದು ಬೇಡ.”

ಮಾರ್ಚ್ 29, ಶುಕ್ರವಾರ

ಗ್ಯಾಲರಿಯವಳಿಗೆ ಹಾಳೆ ಕೊಡುವುದಿಲ್ಲ ಎಂದೆ. ಬೈದಳು. ಬಾಟಲಿಗಳನ್ನು ಹೊತ್ತುಕೊಂಡು ಹೋದಳು.

ಏಳನೆಯದು ನಿನ್ನೆ ಮುಗಿಯಿತು. ಬಾಟಲಿಯ ಕತ್ತಿಗೆ ಅವಳ ಕತ್ತಿನ ನೆರಳು ಬಂದಿದೆ. ಇಡೀ ಸರಣಿಯಲ್ಲಿ ಅದೊಂದೇ ಸರಿಯಾದದ್ದು.

ಏಪ್ರಿಲ್ 6, ಶನಿವಾರ

ಬೆರಳಿನ ತುದಿ ಮುಟ್ಟಿಸಿದೆ. ಅಂಟಿತು. ಇನ್ನೂ ಹಸಿ. ಕ್ಯಾನ್ವಾಸಿನೊಳಗೆ ಹಳೆಯ ವಾರಗಳ ಎಣ್ಣೆ ಇಂಗಿದೆ, ಅದು ಬೇಗ ಬಿಡುವುದಿಲ್ಲ.

ಮೆಡಿಕಲ್ ಶಾಪಿನವನು ರಸ್ತೆಯಲ್ಲಿ ಸಿಕ್ಕ. “ಕೀಳಿಸಿಬಿಟ್ರಾ, ಸರ್?” ಹೂಂ ಎಂದೆ. “ಹೇಳಿರಲಿಲ್ವಾ? ಈಗ ಆರಾಮಲ್ವಾ?”

ಏಪ್ರಿಲ್ 13, ಶನಿವಾರ

ಹಸಿ. ಕೆನ್ನೆ ಮಾತ್ರ ಬಿಗಿಯುತ್ತಿದೆ.

ಕಿಟಕಿ ಮುಚ್ಚಿಟ್ಟೆ. ಗಾಳಿಗೆ ಬೇಗ ಒಣಗುತ್ತದೆ.

ಏಪ್ರಿಲ್ 27, ಶನಿವಾರ

ಬೆಳಿಗ್ಗೆ ಏನೂ ಮಾಡಲಿಲ್ಲ. ಬೇರೆ ಊರಿನ ಶಾಲೆಗೆ ವರ್ಗವಾಗಿದೆ ಎಂದು ಅವಳ ಅಕ್ಕ ಫೋನಿನಲ್ಲಿ ಹೇಳಿದಳು. ಈ ಸಲ ಹಂಗಿಸಲಿಲ್ಲ. “ಆ ಚಿತ್ರ ಆಯ್ತಾ ಕೇಳು ಅಂದ್ಲು” ಎಂದಷ್ಟೇ.

ಮಧ್ಯಾಹ್ನ, ಹಳೆಯ ಹೊತ್ತಿಗೆ, ಪೇಪರಿನ ಹಾಳೆ ಹರಿದುಕೊಂಡೆ. ಒಂದೇ ಒಂದು ಸಲ. ಎಬ್ಬಿಸಿ, ಭಾನುವಾರ ಫೋನ್ ಮಾಡಿ, ಮುಖ ಮತ್ತೆ ಹೋಯಿತು, ಒಮ್ಮೆ ಬಂದು ಕೂತುಕೋ ಎನ್ನುವುದು. ಈ ಸಲ ಯಾಕೆ ಎಂದೂ ಹೇಳುವುದು. ಬಟ್ಟೆ ತೆಗೆದೆ. ಹಾಳೆ ಹಾಸಿ ಒತ್ತಿದೆ, ಹಣೆ, ಕೆನ್ನೆ, ತುಟಿ. ಮೂಲೆಯಿಂದ ಮೆಲ್ಲಗೆ ಎಬ್ಬಿಸಿದೆ. ಬೆಳಕಿಗೆ ಹಿಡಿದು ನೋಡಿದೆ. ಹಾಳೆಯಲ್ಲಿ ಅಕ್ಷರಗಳು, ಒಂದು ಜಾಹೀರಾತು, ಮತ್ತೇನೂ ಇಲ್ಲ. ಮುಖ ಕ್ಯಾನ್ವಾಸಿನಲ್ಲೇ ಇದೆ, ಒಣಗಿದೆ.