ಗಂಗೊಳ್ಳಿಯ ಮೀನುಸಾರು

೪-೯-೯೮, ಕುಂದಾಪುರ

ಟೀಚರ್ಸ್ ಟ್ರೈನಿಂಗ್. ಇವತ್ತೂ ಅದೇ ಚಾರ್ಟು, ಅದೇ ಗುಂಪು ಚಟುವಟಿಕೆ. ಊಟಕ್ಕೆ ಮೀನುಸಾರು. ಬೇಡ ಎಂದೆ.

ಮೀನುಸಾರು ಎಂದರೆ ನನಗೆ ಗೋವಿಂದಮ್ಮ. ಇವರ ಮೊದಲ ಹೆಂಡತಿ. ಅವಳು ತೀರಿಕೊಂಡ ಮೇಲೆ ನಾನು ಬಂದವಳು. ಇವರು ಲೈನ್‌ಮನ್ ಆಗಿ ಸೇರಿದ್ದು ಇಲ್ಲೇ ಹೊಳೆಯಾಚೆ, ಗಂಗೊಳ್ಳಿಯಲ್ಲಿ. ಅವಳ ಜೊತೆ ಸಂಸಾರ ಹೂಡಿದ್ದೂ ಅಲ್ಲೇ. ನಂಜನಗೂಡಿನಲ್ಲಿ ನಾನು ಎಷ್ಟು ಮುತುವರ್ಜಿಯಿಂದ ಮಾಡಿದರೂ ಒಂದೇ ಮಾತು— "ಗಂಗೊಳ್ಳಿ ಸಾರಿನ ರುಚಿ ಬರಾಕಿಲ್ಲ ಬುಡು." ಮಾಲಯ ಅಮಾವಾಸ್ಯೆಗೆ ಅವಳ ಎಡೆಗೆ ಅದೇ ಸಾರು ಮಾಡುವವಳೂ ನಾನೇ. ಸತ್ತವಳ ಮೇಲೆ ಹೊಟ್ಟೆಕಿಚ್ಚು! ನಾಚಿಕೆಯಾಗಬೇಕು. ಆಗುವುದಿಲ್ಲ.

ಭಾನುವಾರ ರಜೆ. ಗಂಗೊಳ್ಳಿ ದೋಣಿಯಲ್ಲಿ ಹತ್ತಿರವಂತೆ...

೬-೯-೯೮, ಭಾನುವಾರ ಸಂಜೆ

ಹೋದೆ. ಒಬ್ಬಳೇ. ರೂಮಿನವರಿಗೆ ತಲೆನೋವು ಎಂದು ಹೇಳಿ ತಪ್ಪಿಸಿಕೊಂಡೆ.

ಕಪಿಲೆಯಲ್ಲಿ ಹರಿಗೋಲು ಹತ್ತಿದ ಧೈರ್ಯ ಇಲ್ಲಿ ನಡೆಯಲಿಲ್ಲ. ಹಲಗೆ ಬಿಗಿಯಾಗಿ ಹಿಡಿದು ಕೂತಿದ್ದೆ. ಆದರೂ ಎಂಥ ಗಾಳಿ! ಎಡಕ್ಕೆ ಸಮುದ್ರ. ಇದನ್ನೆಲ್ಲ ಅವಳು ಇವರ ಪಕ್ಕ ಕೂತು ನೋಡಿದ್ದಾಳೆ ಎಂದು ನೆನಪಾಯಿತು. ಆಮೇಲೆ ನೀರಿನ ಕಡೆ ತಿರುಗಲಿಲ್ಲ.

ವಿಚಾರಿಸಿಕೊಂಡು ಅವರಿದ್ದ ಬಾಡಿಗೆ ಮನೆ ಹುಡುಕಿದೆ. ಓನರ್ ಅಜ್ಜಿ ಇನ್ನೂ ಇದ್ದಾರೆ. ಇವರ ಹೆಸರೆತ್ತಿ, ಲೈನ್‌ಮನ್ ಮಾದೇಶ್ ಕಡೆಯವಳು ಎಂದಷ್ಟೇ ಹೇಳಿದೆ. ಗೋವಿಂದಮ್ಮ ಸಾರಿಗೆ ಏನು ಹಾಕುತ್ತಿದ್ದರು—ಕೇಳಿಯೇಬಿಟ್ಟೆ.

ಅಜ್ಜಿ ನಕ್ಕರು. "ಎಂತ ಹಾಕುದ್? ಪಾಪ, ಆ ಹೆಣ್ಣಿಗೆ ಮೀನ್ ಮುಟ್ಟುಕೇ ಬತ್ತಿರ್ಲಿಲ್ಲ. ಸಾರ್ ಮಾಡ್ತಿದ್ದದ್ದ್ ಅವ್ರೇ ಅಲ್ದಾ! ಮುಳ್ಳ್ ತೆಗ್ದ್ ಕೊಡ್ತಿದ್ರ್."

ಇವರು! ನನ್ನ ಮನೆಯಲ್ಲಿ ಕುಡಿಯುವ ನೀರು ಕೂಡ ಬಗ್ಗಿಸಿಕೊಳ್ಳದ ಗಂಡಸು. ಗಂಡಸು ಒಲೆ ಮುಂದೆ ಕೂತದ್ದು ನಮ್ಮ ಕಡೆ ಹೇಳಿಕೊಳ್ಳುವ ಮಾತಲ್ಲ, ಅದಕ್ಕೇ ಬಾಯಿ ಬಿಟ್ಟಿಲ್ಲ. ಇಷ್ಟು ವರ್ಷ ಅವಳ ಕೈರುಚಿಗೆ ಉರಿದುಕೊಂಡೆ. ಕೈ ಇವರದ್ದು. ಈಗ ಇನ್ನೂ ಉರಿಯುತ್ತಿದೆ.

೧೨-೯-೯೮, ನಂಜನಗೂಡು

ಮನೆ ಸೇರಿದೆ. "ಟ್ರೈನಿಂಗ್ ಎಂಗಿತ್ತು?" ಎಂದರು. ಚೆನ್ನಾಗಿತ್ತು ಎಂದೆ.

೨೦-೯-೯೮, ಅಮಾವಾಸ್ಯೆ

ಮೀನು ತಂದರು. ತೊಳೆದು ಒಲೆ ಪಕ್ಕ ಇಟ್ಟು ಹಜಾರಕ್ಕೆ ಬಂದು ಕೂತೆ.

"ಯಾಕಮ್ಮಿ, ಒತ್ತಾಯ್ತು."

"ಗಂಗೊಳ್ಳೀಲಿ ಮಾಡ್ತಿದ್ದೋರೇ ಮಾಡ್ಲಿ. ಓಗಿದ್ದೆ. ಅಜ್ಜಿ ಎಲ್ಲಾನೂ ಏಳುದ್ರು."

ಪಂಚೆ ಎತ್ತಿ ಕಟ್ಟಿಕೊಂಡು ಒಳಗೆ ಹೋದರು. "ಉಣ್ಸೇಅಣ್ಣು ಎಲ್ಲದೆ?" ಹೇಳಲಿಲ್ಲ. ಹುಡುಕಿಕೊಳ್ಳಲಿ.

ಈಗ ಸಾರು ಕುದಿಯುತ್ತಿದೆ. ನನ್ನ ಸಾರಿಗೆ ಯಾವತ್ತೂ ಬಾರದ ಘಮ—ಒಪ್ಪಲೇಬೇಕು. ಇದೂ ಅವಳಿಗೇ. ಎಡೆ ಇಡುವ ಮುಂಚೆ ಯಾರೂ ನಾಲಿಗೆಗೆ ಸೋಕಿಸುವ ಹಾಗಿಲ್ಲ. ಅವಳು ಉಂಡು ಮಿಕ್ಕಿದ್ದು ನನಗೆ. ಯಾವಾಗಲೂ ಹಾಗೇ.

ಬಾಗಿಲಲ್ಲಿ ನಿಂತಿದ್ದಾರೆ, ಸೌಟು ಹಿಡಿದು. "ಉಪ್ಪು ನೋಡು ಬಾಮ್ಮಿ."

ಎಡೆ ಇನ್ನೂ ಇಟ್ಟಿಲ್ಲ ಎಂದೆ.

"ಗೊತ್ತು ಕಣಮ್ಮಿ. ಮೊದ್ಲು ನೀನು ನೋಡು."

ಗೋವಿಂದಕ್ಕಾ, ತಪ್ಪಾದರೂ ಸರಿ, ಇದೊಂದು ಸಲ ನಾನು—