ಎಡೆ ಇಟ್ಟು ಬಾಗಿಲು ಹಾಕಿದ ಮೇಲೆ

ಅಮ್ಮ,

ಇವತ್ತು ಮಾಕಳಿಯ ಮನೆಯಲ್ಲಿ ನಿನ್ನ ಹನ್ನೊಂದನೇ ದಿನದ ಎಡೆ ಆಯಿತು. ಅಕ್ಕ ಫೋನ್ ಮಾಡಿ ಕರೆದಿದ್ದಳು. ಅವಳ ದನಿ ಕೇಳಿ ವರ್ಷಗಳಾಗಿದ್ದವು. ಅವಳೂ ನಿನ್ನ ಕಡೆಯೇ ಎಂದುಕೊಂಡಿದ್ದೆ. ಬರುತ್ತೇನೆಂದ ಹಣಮಂತನನ್ನು ಬೇಡವೆಂದು ನಮ್ಮ ರೂಮಿನಲ್ಲೇ ಬಿಟ್ಟು ಒಬ್ಬನೇ ಹೋದೆ.

ಬಾಳೆಲೆಯಲ್ಲಿ ಮುದ್ದೆ, ಕೋಳಿ ಸಾರು, ನಿನ್ನ ಎಲೆ ಅಡಿಕೆ ಇಟ್ಟು, ನೀನು ಬಂದು ಉಣ್ಣಲೆಂದು ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಂತೆವು. ಮೇಲಿನ ರೂಮಿನ ಮಾದೇವಿ ನೆಂಟರಿಗೆ ನೀರು ಕೊಡುತ್ತಿದ್ದಳು.

ಅಕ್ಕ ಅವಳನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು: "ಮಾದೇವಿ ಬರೀ ಬಾಡಿಗೆಗಿರೋಳಲ್ಲ ಕಣೋ. ನಿಂಗೆ ಹಣಮಂತ ಹೆಂಗೋ, ನಂಗೆ ಅವ್ಳು ಹಂಗೆ."

ನಾನೂ ಮಾದೇವಿಯ ಕಡೆ ನೋಡಿದೆ. ಆಮೇಲೆ ಕೇಳಿದೆ: "ಅಮ್ಮಂಗೆ ಗೊತ್ತಿತ್ತಾ?"

"ಗೊತ್ತಿಲ್ಲ. ನೀನು ಹೋದ್ಮೇಲೆ ಅಮ್ಮ ನನ್ನ ಏನೂ ಕೇಳ್ತಾನೇ ಇರ್ಲಿಲ್ಲ."

ಅಷ್ಟರಲ್ಲಿ ಪಿಳ್ಳಮ್ಮ ದೊಡ್ಡಮ್ಮ ಕೂಗಿದಳು: "ಬಾಗ್ಲು ತಟ್ಬುಟ್ಟು ತೆಗಿಯೋ, ಉಂಡಿರ್ತಾಳೆ."

ನಾನು ಹಣಮಂತನ ಜೊತೆ ಬದುಕುತ್ತೇನೆ ಎಂದ ದಿನ ನೀನು ಒಳಗಿಂದ ಚಿಲಕ ಹಾಕಿಕೊಂಡದ್ದು ಇದೇ ಬಾಗಿಲಿಗೆ. ಅವತ್ತು ಕೈ ನೋಯುವವರೆಗೆ ತಟ್ಟಿದ್ದೆ.

ಇವತ್ತು ಎತ್ತಿದ ಕೈ ಇಳಿಸಿಬಿಟ್ಟೆ.

"ಇನ್ನೊಂಚೂರು ಹೊತ್ತು ಇರ್ಲಿ ದೊಡ್ಡಮ್ಮ," ಎಂದೆ. "ಅಮ್ಮ ನಿಧಾನಕ್ಕೆ ಉಣ್ಣೋದು."